ಪಾರ್ಕ್ ಇದ್ದರೆ ಸಾಲದು, ಮಗು ತಾನಾಗಿ ಅಲ್ಲಿಗೆ ಹೋಗೋಕೆ ಆಗಬೇಕು

"ದಾವಣಗೆರೆಯಲ್ಲಿ ಪಾರ್ಕು, ಗಾಜಿನ ಮನೆ ಎಲ್ಲ ಇವೆ. ಆದರೂ ಮಕ್ಕಳು ಮೊಬೈಲ್ ಬಿಡ್ತಿಲ್ಲ, ಮಂಕಾಗ್ತಿದ್ದಾರೆ. ಊರು ಏನು ಮಾಡಬಹುದು?" ಅಂತ ಕೇಳಿದ್ದೀರಿ. ನಾನೂ ಇದೇ ಊರಿನವನು, ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ನನ್ನನ್ನು ಕೇಳಿದರೆ ಇನ್ನೊಂದು ಪಾರ್ಕ್ ಬೇಡವೇ ಬೇಡ. ಹತ್ತು ವರ್ಷದ ಮಗು ಯಾರ ಕೈಯೂ ಹಿಡಿಯದೆ ಆಟದ ಜಾಗಕ್ಕೆ ಹೋಗಿ ಬರುವ ಹಾಗಾದರೆ ಸಾಕು.

ದುಡ್ಡು ಬರಲಿಲ್ಲ ಅನ್ನುವ ಹಾಗಿಲ್ಲ. 2016ರಲ್ಲಿ ಸ್ಮಾರ್ಟ್ ಸಿಟಿಗೆ ಆರಿಸಿದ ಮೊದಲ 20 ಊರುಗಳಲ್ಲೇ ನಮ್ಮದೂ ಇತ್ತು. ಆದರೆ ನಮ್ಮ ಬಡಾವಣೆಯ ಪಾರ್ಕ್ ನೋಡಿ. ವಾಕಿಂಗ್ ಟ್ರ್ಯಾಕ್, ಸಿಮೆಂಟ್ ಬೆಂಚು, ದೊಡ್ಡವರ ಅಳತೆಯ ಜಿಮ್ ಸಾಮಾನು, ಜೊತೆಗೆ 'ಕ್ರಿಕೆಟ್ ಆಡಬಾರದು' ಅನ್ನೋ ಬೋರ್ಡು. ಜಾರುಬಂಡೆ ತಗಡಿನದು, ಮೇಲೆ ನೆರಳಿಲ್ಲ. ಏಪ್ರಿಲ್‌ನಲ್ಲಿ ಚಡ್ಡಿ ಹಾಕಿದ ಮಗು ಸಂಜೆ ನಾಲ್ಕಕ್ಕೆ ಕೂತರೆ ತೊಡೆ ಚುರ್ ಅನ್ನುತ್ತದೆ. ಪಕ್ಕದಲ್ಲಿ ಎರಡು ಹೊಂಗೆ ಮರ ಇದ್ದಿದ್ದರೆ ಆಗ್ತಿತ್ತು.

ಇನ್ನು ದಾರಿ. ಫುಟ್‌ಪಾತ್ ಮೇಲೆ ಬೈಕು, ತಳ್ಳುಗಾಡಿ, ಟ್ರಾನ್ಸ್‌ಫಾರ್ಮರ್. ಮಗು ರಸ್ತೆಗಿಳಿಯಲೇಬೇಕು. ಪಿ.ಬಿ. ರಸ್ತೆ ದಾಟುವುದಂತೂ ದೊಡ್ಡವರಿಗೇ ಕಷ್ಟ. ಹಾಗಾಗಿ ಅಪ್ಪನಿಗೋ ಅಮ್ಮನಿಗೋ ಬಿಡುವಾದಾಗ ಮಾತ್ರ ಆಟ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಷ್ಟು ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾನುವಾರ ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಕುಂದವಾಡ ಕೆರೆಗೆ ಹೋಗಿ ಬಂದರೆ ಆ ಲೆಕ್ಕ ತುಂಬಲ್ಲ ಅಲ್ವಾ?

ಕೊಲಂಬಿಯಾದ ಬೊಗೋಟಾದಲ್ಲಿ ಭಾನುವಾರ 100 ಕಿ.ಮೀ.ಗಿಂತ ಜಾಸ್ತಿ ರಸ್ತೆಯನ್ನು ಕಾರು, ಬೈಕುಗಳಿಗೆ ಮುಚ್ಚಿ ಸೈಕಲ್‌ಗೆ, ನಡೆಯುವವರಿಗೆ ಬಿಡುತ್ತಾರೆ. 1974ರಲ್ಲಿ ಶುರುವಾದ ಪದ್ಧತಿ. ನಮ್ಮಲ್ಲಿ ರಾಮ್ ಅಂಡ್ ಕೋ ಸರ್ಕಲ್ ಹತ್ತಿರದ ಒಂದೇ ಒಂದು ರಸ್ತೆಯನ್ನು ಬೆಳಿಗ್ಗೆ ಮೂರು ತಾಸು ಮುಚ್ಚಲಿ. ಬೆಣ್ಣೆ ದೋಸೆಗೆ ಬರುವವರು ಗಾಡಿ ದೂರ ನಿಲ್ಲಿಸಿ ನಡೆಯಲಿ, ತಿಂದ ಬೆಣ್ಣೆಯೂ ಕರಗುತ್ತದೆ.

ಮನಸ್ಸಿನ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಶಾಲೆ ಬಿಟ್ಟರೆ ಟ್ಯೂಷನ್, ಟ್ಯೂಷನ್ ಬಿಟ್ಟರೆ ಹೋಂವರ್ಕ್, ಪಕ್ಕದಲ್ಲಿ ಯಾವಾಗಲೂ ಒಬ್ಬರು ದೊಡ್ಡವರು. ಔಟೋ ಅಲ್ಲವೋ ಅಂತ ಜಗಳ ಆಡಿ, ಟೂ ಬಿಟ್ಟು, ಮರುದಿನ ತಾವೇ ರಾಜಿಯಾಗೋಕೆ ಮಕ್ಕಳಿಗೆ ಜಾಗವೇ ಇಲ್ಲ. ಹಾಗಂತ ಆಟವೇ ಎಲ್ಲಕ್ಕೂ ಮದ್ದಲ್ಲ. ಮಗು ಊಟ, ನಿದ್ದೆ ಬಿಟ್ಟು ಸುಮ್ನೆ ಕೂರುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರಿಂದ ಇರುವ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸದ್ಯಕ್ಕೆ ಒಂದು ಕೆಲಸ ಮಾಡಿ. ನಿಮ್ಮ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಮೈದಾನ ಇದ್ದರೆ, ಸಂಜೆ ಅದರ ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ವಿಚಾರಿಸಿ. ಐದರಿಂದ ಏಳರವರೆಗೆ ತೆರೆದಿಡಿ ಅಂತ ಶಾಲೆಯ ಉಸ್ತುವಾರಿ ನೋಡಿಕೊಳ್ಳುವ ಸಮಿತಿ, ಅಂದರೆ ಎಸ್‌ಡಿಎಂಸಿಯವರನ್ನು ಕೇಳಿ. ಅದರಲ್ಲಿ ಹೆಚ್ಚಿನವರು ಅದೇ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೇ, ಮಾತಾಡಿಸೋದು ಸುಲಭ.