ಓಮ್ ಅಂದರೆ ಸಾಲದು, ಚೌಕ ಎಲ್ಲಿ?

ಪ್ರಿಯ ಲೇಖಕರೇ,

ಬೆಳಕನ್ನು ದಾಟಿಸುತ್ತಲೇ ಕರೆಂಟನ್ನೂ ಹರಿಸುವ ಪಾರದರ್ಶಕ ವಿದ್ಯುದ್ವಾರಗಳಲ್ಲಿ ಐಟಿಒ (ಇಂಡಿಯಂ ಟಿನ್ ಆಕ್ಸೈಡ್) ಬದಲು ಬೆಳ್ಳಿಯ ನ್ಯಾನೊತಂತಿ, ಅಂದರೆ ಕಣ್ಣಿಗೆ ಕಾಣದಷ್ಟು ತೆಳು ತಂತಿ, ಬಳಸುವ ಕುರಿತ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಐಟಿಒ ಪದರ ಬಾಗಿಸಿದರೆ ಯಾಕೆ ಬಿರುಕು ಬಿಡುತ್ತದೆ ಎಂಬ ಭಾಗ ಚೆನ್ನಾಗಿ ಬಂದಿದೆ. ಆದರೆ ಎರಡನೇ ಪುಟದ ಎರಡು ವಾಕ್ಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲನೆಯದು: 'ನಮ್ಮ ಪದರದ ರೋಧ 10 ಓಮ್, ಪಾರದರ್ಶಕತೆ ಶೇ 95; ಐಟಿಒ ಗಾಜಿನದು ಶೇ 85 ಮಾತ್ರ.'

'10 ಓಮ್' ಅಂದರೆ ಯಾವ ಆಕಾರದ ತುಣುಕಿಗೆ? ಪದರದ ರೋಧವನ್ನು ಚೌಕಕ್ಕೆ ಇಷ್ಟು ಓಮ್ ಎಂದೇ ಹೇಳಬೇಕು; ಚೌಕ ಚಿಕ್ಕದಿರಲಿ ದೊಡ್ಡದಿರಲಿ, ಒಂದು ಬದಿಯಿಂದ ಎದುರು ಬದಿಗೆ ಅದರ ರೋಧ ಒಂದೇ. ಚೌಕಕ್ಕೆ 10 ಓಮ್ ಇರುವ ಪದರದಿಂದ 1 ಸೆಂಮೀ ಅಗಲ, 5 ಸೆಂಮೀ ಉದ್ದದ ಪಟ್ಟಿ ಕತ್ತರಿಸಿ. ಉದ್ದಕ್ಕೆ ಹರಿಸಿದರೆ ಐದು ಚೌಕ, 50 ಓಮ್. ಅದೇ ಪಟ್ಟಿಗೆ ಅಡ್ಡಲಾಗಿ ಹರಿಸಿದರೆ ಬರೀ 2 ಓಮ್. ಮಲ್ಟಿಮೀಟರಿನ ಎರಡು ಮೊನೆ ಒತ್ತಿ ಅಳೆದಿದ್ದರೆ ಸಂಪರ್ಕದ ರೋಧವೂ ಸೇರಿಕೊಂಡಿರುತ್ತದೆ. ನಾಲ್ಕು ಮೊನೆಯ ಪ್ರೋಬ್ (ಹೊರಗಿನ ಎರಡು ಮೊನೆ ಕರೆಂಟಿಗೆ, ಒಳಗಿನ ಎರಡು ವೋಲ್ಟೇಜಿಗೆ) ಬಳಸಿದ್ದೀರಾ? ಹಾಗಿದ್ದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ 4.53ರಿಂದ ಗುಣಿಸಿರುತ್ತೀರಿ. ಆ 4.53 ಸಲ್ಲುವುದು ಮೊನೆಗಳ ಅಂತರಕ್ಕಿಂತ ತುಣುಕು ಬಹಳ ದೊಡ್ಡದಿದ್ದಾಗ ಮಾತ್ರ. 10 ಮಿಮೀ ವ್ಯಾಸದ ದುಂಡು ತುಣುಕಿನ ನಡುವೆ 1 ಮಿಮೀ ಅಂತರದ ಮೊನೆ ಇಟ್ಟರೆ ಗುಣಕ 4.17ರ ಆಸುಪಾಸಿಗೆ ಇಳಿಯುತ್ತದೆ. ನಾನು ಕಲಿಯುವಾಗ ತುಣುಕಿನ ಅಳತೆ, ಮೊನೆಗಳ ಅಂತರ, ಎಷ್ಟು ಜಾಗದಲ್ಲಿ ಅಳೆದದ್ದು, ಈ ಮೂರೂ ಪಕ್ಕದಲ್ಲಿಲ್ಲದ ಅಂಕಿಯನ್ನು ಹಿರಿಯರು ಹೊಡೆದುಹಾಕುತ್ತಿದ್ದರು. ನಾನೂ ಈಗ ಅದನ್ನೇ ಮಾಡಿದ್ದೇನೆ.

'ಶೇ 95'. ಬರೀ ಗಾಜೇ ಒಂದೊಂದು ಮೈಯಲ್ಲಿ ಸುಮಾರು ಶೇ 4 ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ದಾಟುವುದು ಶೇ 92. ಅಂದಮೇಲೆ ನಿಮ್ಮ 95 ಗಾಜನ್ನು ಕಳೆದು ಬಂದ ಲೆಕ್ಕ. ಐಟಿಒಗೆ ಕೊಟ್ಟ 85 ಗಾಜೂ ಸೇರಿದ ಲೆಕ್ಕವಾದರೆ ಹೋಲಿಕೆಯೇ ಅನ್ಯಾಯ. ಗಾಜು ಸೇರಿಸಿದರೆ ನಿಮ್ಮದು ಸುಮಾರು 87. ಹತ್ತರ ಅಂತರ ಎರಡಕ್ಕೆ ಬಂತು! ಯಾವ ತರಂಗಾಂತರ ಎಂದೂ ಬರೆದಿಲ್ಲ. ರೂಢಿ 550 ನ್ಯಾನೊಮೀಟರ್. ಬೆಳ್ಳಿಯ ತಂತಿ ಬೆಳಕನ್ನು ಚದುರಿಸುತ್ತದೆ, ಆದ್ದರಿಂದ ಚದುರಿದ ಬೆಳಕನ್ನೂ ಕೂಡಿಸಿ ಅಳೆಯುವ ಪೊಳ್ಳು ಗೋಳ, ಇಂಟಿಗ್ರೇಟಿಂಗ್ ಸ್ಫಿಯರ್, ಇಟ್ಟು ಅಳೆದ ಅಂಕಿಗೂ ಇಡದೆ ಅಳೆದದ್ದಕ್ಕೂ ವ್ಯತ್ಯಾಸ ಬರುತ್ತದೆ. ಪರದೆ ಮಂಜುಮಂಜಾಗಿ ಕಾಣುವುದು ಈ ಚದುರಿದ ಬೆಳಕಿನಿಂದಲೇ. ಆ ಮಂಜಿನ ಅಳತೆ, ಅಂದರೆ ಹೇಜ್, ಎಷ್ಟೆಂದು ಹೇಳದೆ ಫೋನಿನ ಪರದೆಗೆ ಇದೇ ತಕ್ಕದ್ದು ಎನ್ನಬೇಡಿ.

ಎರಡನೆಯದು: 'ಚೆನ್ನಾಗಿ ಕಾಯಿಸಿದರೆ ತಂತಿಗಳು ಬೆಸೆದುಕೊಳ್ಳುತ್ತವೆ.'

'ಚೆನ್ನಾಗಿ' ಅಂದರೆ ಎಷ್ಟು ಡಿಗ್ರಿ, ಎಷ್ಟು ಹೊತ್ತು? ತಂತಿ ಬೆಳೆಸುವಾಗ ಹಾಕಿದ ಪಿವಿಪಿ ಎಂಬ ಪಾಲಿಮರ್ ಕೆಲವು ನ್ಯಾನೊಮೀಟರ್ ದಪ್ಪಕ್ಕೆ ಮೈಗಂಟಿರುತ್ತದೆ. ತಂತಿಯ ಮೇಲೆ ತಂತಿ ಬಿದ್ದಲ್ಲಿ ಕರೆಂಟನ್ನು ತಡೆಯುವುದು ಅದೇ. ಗಾಜಿನ ಮೇಲಾದರೆ 150ರಿಂದ 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕೂಡುಗಳು ಬೆಸೆಯುತ್ತವೆ. ಅದನ್ನು ಮೀರಿ ಕಾಯಿಸುತ್ತ ಹೋದರೆ ಬೆಳ್ಳಿ ಕರಗುವ 962 ಡಿಗ್ರಿಗಿಂತ ಎಷ್ಟೋ ಮೊದಲೇ ತಂತಿ ತುಂಡಾಗಿ ಮಣಿಮಣಿಯಾಗುತ್ತದೆ: ಮೇಲ್ಮೈಯ ಪರಮಾಣುಗಳು ಸರಿದು ಉರುಟಾಗಲು ನೋಡುತ್ತವೆ, ತಂತಿ ತೆಳುವಾದಷ್ಟೂ ಬೇಗ. ರೋಧ ಮೊದಲು ಇಳಿದು ಆಮೇಲೆ ಒಮ್ಮೆಲೇ ಏರಿತೆಂದರೆ ಆಗಿರುವುದು ಇದೇ. ಗಾಜಿನ ಬದಲು ಪಿಇಟಿ ಎಂಬ ಪ್ಲಾಸ್ಟಿಕ್ ಹಾಳೆಯಾದರೆ ಇಷ್ಟು ಕಾಯಿಸುವಂತಿಲ್ಲ. 150ಕ್ಕೆ ಅದೇ ಕುಗ್ಗಿ ಸೊಟ್ಟಗಾಗುತ್ತದೆ. ಅಲ್ಲಿ ಕಾಯಿಸುವ ಬದಲು ರೋಲರಿನಡಿ ಒತ್ತಿ ಕೂಡಿಸುವುದೇ ಮೇಲು.

ಉಳಿದ ಪುಟಗಳಿಗೆ ನಾನು ಕೈಹಾಕಿಲ್ಲ. ಈ ಎರಡು ವಾಕ್ಯ ತಿದ್ದಿ ಕಳಿಸಿ. ಕೋಷ್ಟಕದ ಐಟಿಒ ಸಾಲನ್ನೂ ಗಾಜು ಸೇರಿಸಿದ ಲೆಕ್ಕಕ್ಕೇ ತನ್ನಿ.

— ಸಂಪಾದಕ