ಅಪ್ಪ ಕುರ್ಚಿಯಿಂದ ಹೇಗೆ ಏಳುತ್ತಾರೆ, ನೋಡಿದ್ದೀರಾ?

ನಿಮ್ಮ ಅಪ್ಪನಿಗೆ 67 ವರ್ಷ, ದಿನವೂ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ, ಅಷ್ಟು ಸಾಲದೇ, ಸ್ನಾಯುವಿಗೂ ಆಯುಷ್ಯಕ್ಕೂ ಏನು ನಂಟು ಎಂದು ಕೇಳಿದ್ದೀರಿ. ನಾನು ಮಂಡ್ಯದಲ್ಲಿ ಫಿಸಿಯೊಥೆರಪಿಸ್ಟ್. ನಡಿಗೆಯನ್ನು ಖಂಡಿತ ಬಿಡಿಸಬೇಡಿ. ಆದರೆ ತೊಡೆಯ ಕಸುವು ಉಳಿಯಲು ಸಮತಟ್ಟು ದಾರಿಯ ನಡಿಗೆಯೊಂದೇ ಸಾಲದು.

ನನ್ನ ಸೋದರತ್ತೆ ಕಬ್ಬಿನ ಗದ್ದೆಯಲ್ಲಿ ದುಡಿದು ಗಟ್ಟಿಯಾದವರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅದಕ್ಕೂ ಒಂದು ವರ್ಷ ಮೊದಲಿನಿಂದಲೇ ಊಟದ ಮಣೆಯಿಂದ ಏಳುವಾಗ ಒಂದು ಕೈ ಮಂಡಿಗೆ, ಇನ್ನೊಂದು ಗೋಡೆಗೆ ಹೋಗುತ್ತಿತ್ತು. ಇದೇ ವೃತ್ತಿಯಲ್ಲಿರುವ ನಾನೂ ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದೆ. ಮೂರು ವಾರ ಮಲಗಿ ಎದ್ದಾಗ ಅವರ ತೊಡೆ ನನ್ನ ಎರಡು ಅಂಗೈಗಳ ನಡುವೆ ಹಿಡಿಸುವಷ್ಟು ಸೊರಗಿತ್ತು. ಆ ನೋವು ನನಗೆ ಇನ್ನೂ ಇದೆ.

ಸ್ನಾಯು ಕೈಕಾಲು ಆಡಿಸುವುದಕ್ಕೆ ಮಾತ್ರ ಇರುವುದಲ್ಲ. ಊಟದ ನಂತರ ಇನ್ಸುಲಿನ್ ಕರೆದಾಗ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳುವುದು ಅದೇ. ಕಾಯಿಲೆ ಬಿದ್ದಾಗ ದೇಹ ಪ್ರೋಟೀನಿಗಾಗಿ ಕೈಹಾಕುವ ಕಣಜವೂ ಅದೇ. ದುಡಿಯುವ ಸ್ನಾಯು ಮಯೊಕೈನ್‌ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಟ್ಟು ಯಕೃತ್ತು, ಕೊಬ್ಬುಗಳಿಗೂ ಸುದ್ದಿ ಮುಟ್ಟಿಸುತ್ತದೆ. ಹಣ್ಣುನೊಣಗಳ ಸ್ನಾಯುವಿನಲ್ಲಷ್ಟೇ ಫಾಕ್ಸೊ ಎಂಬ ಪ್ರೋಟೀನನ್ನು ಚುರುಕುಗೊಳಿಸಿದ 2010ರ ಪ್ರಯೋಗದಲ್ಲಿ ಉಳಿದ ಅಂಗಾಂಶಗಳೂ ನಿಧಾನವಾಗಿ ಮುಪ್ಪಾದವು, ನೊಣಗಳು ಹೆಚ್ಚು ಕಾಲ ಬದುಕಿದವು. ನನಗೆ ಇದು ಈಗಲೂ ಬೆರಗು.

ಮನುಷ್ಯರ ಲೆಕ್ಕ ಬೇಕೆಂದರೆ, ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತದ ಬಲ ಅಳೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಿಡಿತ ಪ್ರತಿ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿತ್ತು. ಹಿಡಿತವೇ ಆಯುಷ್ಯ ಕೊಡುತ್ತದೆ ಎಂದಲ್ಲ, ಇಡೀ ದೇಹದ ಸ್ಥಿತಿಯನ್ನು ಅದು ತೋರಿಸುತ್ತದೆ.

67 ತಡವಲ್ಲ. ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 90ರ ಆಸುಪಾಸಿನವರು 8 ವಾರ ಭಾರದ ವ್ಯಾಯಾಮ ಮಾಡಿದಾಗ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಅದು 1990ರ ವರದಿ.

ಇವತ್ತೇ ಅಪ್ಪನನ್ನು ಗೋಡೆಗೆ ಒರಗಿಸಿಟ್ಟ ಕುರ್ಚಿಯಲ್ಲಿ ಕೂರಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ, ನೀವು ಪಕ್ಕದಲ್ಲೇ ನಿಂತಿರಿ. ಅವರ ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಎಂದರ್ಥ. ಸ್ನಾಯುವಿಗೆ ಪ್ರೋಟೀನ್ ಸಿಗಲು ಮುದ್ದೆಯ ಜೊತೆ ತಿಳಿಸಾರಿನ ಬದಲು ಹುರುಳಿ, ಅವರೆಕಾಳು, ಮೊಟ್ಟೆ ಇರಲಿ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಕೊಡಿ. ಎಣಿಸಿದ ಸಂಖ್ಯೆಯನ್ನು ತಿಳಿಸಿ, ಯಾವ ವ್ಯಾಯಾಮದಿಂದ ಶುರು ಮಾಡಬೇಕೆಂದು ಬರೆಯುತ್ತೇನೆ.