ಓದುಗರ ಪ್ರಶ್ನೆ: ಸಾಮಿ ಜನರ ಹಾಡು, ಕಥೆ ಮತ್ತು ನಮ್ಮ ಪಾಡ್ದನ

ಪ್ರಶ್ನೆ: ಉತ್ತರ ಯುರೋಪಿನ ಸಾಮಿ ಜನರ ‘ಯೋಯ್ಕ್’ ಎಂಬ ಹಾಡು ನಮ್ಮ ತುಳುನಾಡಿನ ಪಾಡ್ದನದಂತೆಯೇ ಎಂದು ಉಡುಪಿಯ ಸಭೆಯೊಂದರಲ್ಲಿ ಕೇಳಿದೆ. ಈ ಹೋಲಿಕೆ ಸರಿಯೆ? ಅವರ ಬರೆದ ಸಾಹಿತ್ಯವನ್ನು ಎಲ್ಲಿಂದ ಓದಲು ತೊಡಗಬೇಕು?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಹೋಲಿಕೆ ಅರ್ಧದಷ್ಟು ಮಾತ್ರ ಸರಿ. ನೇಜಿ ನೆಡುವ ಗದ್ದೆಯಲ್ಲಿ ಹೆಂಗಸರು ಹಾಡಿದರೂ, ಕೋಲದ ಹೊತ್ತಿನಲ್ಲಿ ದೈವದ ಹುಟ್ಟನ್ನೂ ಸಂಚಾರವನ್ನೂ ಹೇಳಿದರೂ ಪಾಡ್ದನಕ್ಕೆ ಕಥೆಯೇ ಜೀವಾಳ. ಯೋಯ್ಕ್‌ನಲ್ಲಿ ಕಥೆ ಇರಲೇಬೇಕೆಂದಿಲ್ಲ. ಕೆಲವೇ ಮಾತುಗಳು, ಅನೇಕ ವೇಳೆ ಬರಿಯ ಸ್ವರಾಕ್ಷರಗಳು, ಮತ್ತೆ ಮತ್ತೆ ಸುತ್ತಿ ಬರುವ ಒಂದು ಚಿಕ್ಕ ಧಾಟಿ. ಇಷ್ಟರಿಂದಲೇ ಹಾಡುವವರು ಒಬ್ಬ ವ್ಯಕ್ತಿಯನ್ನೋ ತೋಳವನ್ನೋ ಬೆಟ್ಟವನ್ನೋ ವರ್ಣಿಸುವ ಗೊಡವೆಗೆ ಹೋಗದೆ ಎದುರಿಗೆ ತಂದು ನಿಲ್ಲಿಸುತ್ತಾರೆ. ಒಬ್ಬರ ಮೇಲೆ ಕಟ್ಟಿದ ಯೋಯ್ಕ್ ಅವರಿಗೇ ಸೇರಿದ್ದೆಂದು ಭಾವಿಸುತ್ತಾರೆಯೇ ಹೊರತು ಕಟ್ಟಿದವರದ್ದೆಂದಲ್ಲ. 17 ಮತ್ತು 18ನೇ ಶತಮಾನಗಳ ಪಾದ್ರಿಗಳಿಗೆ ಈ ಹಾಡೂ ಅದರ ಜೊತೆಗಿದ್ದ ನೋಯ್ದಿಗಳ (ಅಲ್ಲಿನ ಮಂತ್ರವಾದಿಗಳ) ಡೋಲೂ ಸೈತಾನನ ಕೆಲಸವಾಗಿ ಕಂಡವು. ಡೋಲುಗಳನ್ನು ಕಸಿದುಕೊಂಡು ಸುಟ್ಟರು. ಹಳೆಯ ನಂಬಿಕೆಯನ್ನು ಬಿಡದ ಲಾರ್ಸ್ ನಿಲ್ಸನ್ ಎಂಬಾತ 1693ರಲ್ಲಿ ಸ್ವೀಡನ್ನಿನಲ್ಲಿ ಮರಣದಂಡನೆಗೆ ಗುರಿಯಾದ.

ಪಾಡ್ದನದ ನಿಜವಾದ ನೆಂಟತನವನ್ನು ಹುಡುಕಬೇಕಾದದ್ದು ಸಾಮಿಗಳ ಐತಿಹ್ಯಗಳಲ್ಲಿ. ದೈತ್ಯದೇಹದ, ಮಂದಬುದ್ಧಿಯ, ನರಭಕ್ಷಕ ಸ್ತಾಲು ಅಲ್ಲಿನ ಮಕ್ಕಳ ಕೈಯಲ್ಲೂ ಮೋಸ ಹೋಗುತ್ತಾನೆ. ಅದಕ್ಕಿಂತ ಗಂಭೀರವಾದವು ಚೂದೆಗಳೆಂಬ ದರೋಡೆಕೋರರ ಕಥೆಗಳು. ಊರನ್ನು ಸೂರೆಗೊಳ್ಳಲು ಬಂದವರು ಒಬ್ಬ ಸಾಮಿಯನ್ನು ಹಿಡಿದು ದಾರಿ ತೋರಿಸೆಂದು ಬೆದರಿಸುತ್ತಾರೆ; ಆತ ಕತ್ತಲಲ್ಲಿ ಪಂಜು ಹಿಡಿದು ಮುಂದೆ ಮುಂದೆ ಸಾಗಿ, ಕಡಿದಾದ ಬಂಡೆಯ ಅಂಚಿಗೆ ಬಂದಾಗ ಪಂಜನ್ನು ಕೆಳಗೆಸೆದು ತಾನು ಪಕ್ಕಕ್ಕೆ ಸರಿಯುತ್ತಾನೆ, ಬೆಳಕನ್ನು ನಂಬಿ ಹಿಂಬಾಲಿಸಿದವರೆಲ್ಲ ಪ್ರಪಾತಕ್ಕೆ ಬೀಳುತ್ತಾರೆ. ಆಯುಧವಿಲ್ಲದ ಜನರ ಆತ್ಮಗೌರವ ಈ ಕಥೆಯಲ್ಲಿದೆ. ಇಂಥದೇ ಬಂಡೆ ತಮ್ಮೂರಿನದೆಂದು ತೋರಿಸುವವರು ಹಲವು ಕಡೆ ಇದ್ದಾರೆ. ದೈವ ನೆಲೆಯಾದ ಜಾಗವನ್ನು ಪಾಡ್ದನದ ಸಾಲಿನಿಂದಲೇ ಗುರುತಿಸುವ ನಮ್ಮವರಿಗೆ ಇದು ವಿಚಿತ್ರವೆನಿಸಲಾರದು.

ಮುದ್ರಣದ ಕಥೆಯೂ ಕುತೂಹಲಕರ. 1673ರಲ್ಲಿ ಯೋಹಾನೆಸ್ ಶೆಫೆರಸ್ ಲ್ಯಾಟಿನ್‌ನಲ್ಲಿ ಪ್ರಕಟಿಸಿದ ‘ಲಾಪೋನಿಯಾ’ ಗ್ರಂಥದಲ್ಲಿ ಓಲಾಫ್ ಸಿರ್ಮಾ ಎಂಬ ಸಾಮಿ ವಿದ್ಯಾರ್ಥಿ ಒದಗಿಸಿದ ಎರಡು ಪ್ರೇಮಗೀತೆಗಳಿದ್ದವು; ಅವು ಅನುವಾದಗೊಳ್ಳುತ್ತ ಯುರೋಪನ್ನೆಲ್ಲ ಸುತ್ತಿದವು. ಆದರೆ ಸಾಮಿ ಲೇಖಕನೊಬ್ಬ ಸಾಮಿ ಭಾಷೆಯಲ್ಲೇ ಬರೆದ ಮೊದಲ ಲೌಕಿಕ ಪುಸ್ತಕ ಬಂದದ್ದು 1910ರಲ್ಲಿ. ಬೇಟೆಗಾರನೂ ಹಿಮಸಾರಂಗ ಸಾಕಣೆ ಬಲ್ಲವನೂ ಆಗಿದ್ದ ಯೋಹಾನ್ ತುರಿ ಅದನ್ನು ಬರೆದ. ಡೆನ್ಮಾರ್ಕಿನ ಎಮಿಲಿ ಡೆಮಾಂಟ್ ಅದನ್ನು ಸಂಪಾದಿಸಿ ಡ್ಯಾನಿಶ್ ಅನುವಾದದೊಂದಿಗೆ ಪ್ರಕಟಿಸಿದರು. ಮುಚ್ಚಿದ ಕೋಣೆಯಲ್ಲಿ, ಮೂಗಿಗೆ ಗಾಳಿ ತಾಗದಿರುವಾಗ ಸಾಮಿಗೆ ತನ್ನ ಮಾತನ್ನು ವಿವರಿಸಲಾಗದು ಎಂದು ತುರಿ ಆರಂಭದಲ್ಲೇ ಹೇಳುತ್ತಾನೆ. ಸಾಮಿಗಳ ಬದುಕನ್ನು ಅರಿಯದೆ ಅವರ ಮೇಲೆ ಕಾನೂನು ಹೇರುತ್ತಿದ್ದ ಅಧಿಕಾರಿಗಳಿಗೆ ಕೇಳಿಸಲೆಂದೇ ಬರೆದ ಮಾತದು. ಅದನ್ನು ಬರಿಯ ಜಾನಪದ ಸಂಗ್ರಹವೆಂದು ಓದುವುದು ಲೇಖಕನಿಗೆ ಮಾಡುವ ಅನ್ಯಾಯ. ನಮ್ಮಲ್ಲಿಯೂ ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು, ಆದರೆ ಅಲ್ಲಿ ಹಾಡಿದವರು ಲೇಖಕರಾಗಲಿಲ್ಲ.

ಆಧುನಿಕ ಕಾಲದ ದೊಡ್ಡ ಹೆಸರು ನಿಲ್ಸ್-ಅಸ್ಲಾಕ್ ವಾಲ್ಕೆಯಾಪಾ (1943–2001). ಯೋಯ್ಕನ್ನು ವೇದಿಕೆಗೆ ಮರಳಿ ತಂದ ಗಾಯಕನೂ ಹೌದು. ‘ಸೂರ್ಯ, ನನ್ನ ತಂದೆ’ ಎಂಬರ್ಥದ ಶೀರ್ಷಿಕೆಯುಳ್ಳ ಆತನ ಕವಿತಾ ಸಂಕಲನ 1988ರಲ್ಲಿ ಬಂದು, 1991ರಲ್ಲಿ ನಾರ್ಡಿಕ್ ಕೌನ್ಸಿಲ್ ಸಾಹಿತ್ಯ ಪ್ರಶಸ್ತಿ ಪಡೆಯಿತು. ಅದರ ಮೂಲದಲ್ಲಿ ನೂರಾರು ಹಳೆಯ ಛಾಯಾಚಿತ್ರಗಳು ಕವಿತೆಗಳೊಡನೆ ಬೆರೆತಿವೆ. ಕವಿಯ ಇಚ್ಛೆಯಂತೆಯೇ ಅನುವಾದಗಳಲ್ಲಿ ಅವನ್ನು ಬಿಟ್ಟಿದ್ದಾರೆ. ಆದ್ದರಿಂದ ಇಂಗ್ಲಿಷಿನ ಮೂಲಕ ಓದುವ ನೀವು ತುರಿಯಿಂದ ತೊಡಗುವುದು ಲೇಸು. ಆತನ ಪುಸ್ತಕದ ಹೊಸ ಇಂಗ್ಲಿಷ್ ಅನುವಾದ 2011ರಲ್ಲಿ ಬಂದಿದೆ.